ಎಣ್ಣೆ ಎಲ್ಲಿಂದ ಬಂದಿತು?

ಹಳೆಯ ಸ್ಕೂಟರಿರುವ ಮನೆಯಲ್ಲಿ ಅದರ ಕೆಳಗೆ ಬೀಳುವ ಎಣ್ಣೆಯು ಇಬ್ಬರಿಗೆ ಕೆಲಸ ಕೊಡುತ್ತದೆ. ನೆಲದ ಮೇಲಿನ ಕಲೆಯನ್ನು ತಿಕ್ಕಿ ತೊಳೆಯುವವರು ಒಬ್ಬರು. ಅದು ಎಲ್ಲಿಂದ ಬಂದಿತೆಂಬುದಕ್ಕೆ ಉತ್ತರ ಹೇಳಬೇಕಾದವರು ಮತ್ತೊಬ್ಬರು. ತಿಕ್ಕುವ ಕೆಲಸ ಕೈಗೆ ನೋವಾದರೂ ಅರ್ಧ ಗಂಟೆಯಲ್ಲಿ ಮುಗಿಯತಕ್ಕದ್ದು. ಉತ್ತರ ಹೇಳುವ ಕೆಲಸ ಹಾಗಲ್ಲ. ಸಾಮಾನ್ಯವಾಗಿ ಗೃಹಸ್ಥನು ಗಾಡಿಯ ಬಳಿ ಕುಳಿತು ಇಣಿಕಿ ನೋಡಿ, ಎಲ್ಲೆಲ್ಲಿಯೂ ಎಣ್ಣೆಯೇ ಕಂಡು, “ಹಳೆಯ ಗಾಡಿಯೆಂದ ಮೇಲೆ ಇಷ್ಟು ಸಹಜವೇ” ಎಂದು ಎದ್ದುಬಿಡುತ್ತಾನೆ. ಆ ಮಾತಿನಲ್ಲಿ ಅರ್ಧ ನಿಜವಿದೆ. ಉಳಿದ ಅರ್ಧದ ವಿಷಯವಾಗಿ, ನಮ್ಮ ಮನೆಯಲ್ಲಿ ಈಚೆಗೆ ನಡೆದುದನ್ನು ಮುಂದಿಟ್ಟುಕೊಂಡು, ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ನಮ್ಮಲ್ಲಿರುವುದು 1980ರ ದಶಕದ ಗಾಡಿ. ಲೋಹದ ಮೈ, ಟೂ-ಸ್ಟ್ರೋಕ್ ಎಂಜಿನು, ಕೈಹಿಡಿಯಲ್ಲೇ ಗೇರು. ಅದನ್ನು ಮಾಡಿದವರ ಹೆಸರು ಇಲ್ಲಿ ಮುಖ್ಯವಲ್ಲ; ಈ ಬಗೆಯ ಗಾಡಿಗಳೆಲ್ಲ ಒಂದೇ ವಂಶದವು. ಮೂಲಪುರುಷ ಇಟಲಿಯ ವೆಸ್ಪಾ. 1946ರಲ್ಲಿ ಪೊಂಟೆಡೇರಾ ಎಂಬ ಊರಿನಿಂದ ಪಿಯಾಜಿಯೊ ಸಂಸ್ಥೆಯವರು ಅದನ್ನು ಹೊರತಂದರು. ಅದರ ರೂಪವನ್ನು ಕಲ್ಪಿಸಿದ ಕೊರಾಡಿನೊ ದಾಸ್ಕಾನಿಯೊ ವಿಮಾನಗಳ ಎಂಜಿನಿಯರು, ಹೆಲಿಕಾಪ್ಟರನ್ನೂ ರಚಿಸಿದವನು. ಮೋಟರ್ ಸೈಕಲೆಂದರೆ ಆತನಿಗೆ ಒಗ್ಗುತ್ತಿರಲಿಲ್ಲ. ಸರಪಳಿಯ ಕೊಳೆ ಬಟ್ಟೆಗೆ ತಗಲಬಾರದೆಂದು ಸರಪಳಿಯನ್ನೇ ತೆಗೆದುಹಾಕಿ, ಹಿಂದಿನ ಚಕ್ರವನ್ನು ನೇರವಾಗಿ ಗೇರುಪೆಟ್ಟಿಗೆಯ ಅಚ್ಚಿಗೆ ಸಿಕ್ಕಿಸಿದನು. ಎಂಜಿನಿಗೆ ಲೋಹದ ಮುಸುಕು ಹಾಕಿದನು. ನಮ್ಮ ದೇಶದಲ್ಲಿ ಬಜಾಜ್ ಸಂಸ್ಥೆಯವರು 1960ರ ದಶಕದ ಆರಂಭದಿಂದ ಪರವಾನಗಿ ಪಡೆದು ವೆಸ್ಪಾವನ್ನು ತಯಾರಿಸಿದರು. 1972ರಲ್ಲಿ ಚೇತಕ್ ಬಂದಿತು. ಹೆಸರು ಬರೆಸಿ ವರ್ಷಗಟ್ಟಲೆ ಕಾದು ಸ್ಕೂಟರು ತಂದವರ ಕಥೆ ಯಾವ ಮನೆಯಲ್ಲಿಲ್ಲ? ಈಗ ಆ ಟೂ-ಸ್ಟ್ರೋಕ್ ಗಾಡಿಗಳ ತಯಾರಿಕೆ ನಿಂತು ಬಹುಕಾಲವಾಗಿದೆ. 2020ರಲ್ಲಿ ಚೇತಕ್ ಎಂಬ ಹೆಸರೇ ವಿದ್ಯುತ್ತಿನ ಗಾಡಿಯೊಂದಕ್ಕೆ ಬಂದಿತು.

ದಾಸ್ಕಾನಿಯೊವಿನ ಸಭ್ಯತೆಯಿಂದ ನಮಗೆ ಒಂದು ತೊಂದರೆಯೂ ಉಂಟಾಗಿದೆ. ಎಣ್ಣೆ ಬಟ್ಟೆಗೆ ತಗಲದಂತೆ ಮರೆಮಾಡಿದ ಮುಸುಕು ಅದನ್ನು ಕಣ್ಣಿಗೂ ಮರೆಮಾಡುತ್ತದೆ. ಸರಪಳಿಯನ್ನು ತೆಗೆದು ಚಕ್ರವನ್ನು ಗೇರುಪೆಟ್ಟಿಗೆಗೇ ಸೇರಿಸಿದುದರಿಂದ, ಗೇರಿನ ಎಣ್ಣೆಗೂ ಹಿಂದಿನ ಬ್ರೇಕಿಗೂ ನಡುವೆ ಉಳಿದಿರುವುದು ಒಂದು ರಬ್ಬರಿನ ಬಳೆ ಮಾತ್ರ. ಈ ಬಳೆಯ ಹೆಸರು ಆಯಿಲ್ ಸೀಲು. ಇದನ್ನು ವಾಚಕರು ನೆನಪಿನಲ್ಲಿಡಬೇಕು.

ಎಣ್ಣೆ ಎಲ್ಲಿಂದ ಬಂದಿತೆಂದು ಹುಡುಕುವುದಕ್ಕೆ ಮೊದಲು, ಬಂದದ್ದು ಯಾವ ಎಣ್ಣೆಯೆಂದು ತಿಳಿಯಬೇಕು. ಕಾರಿನ ಎಂಜಿನಿನಲ್ಲಿ ತಳದಲ್ಲೊಂದು ಎಣ್ಣೆಯ ಮಡುವಿರುತ್ತದೆ. ಸೋರಿದರೆ ಅದೇ ಸೋರಬೇಕು. ಟೂ-ಸ್ಟ್ರೋಕ್ ಎಂಜಿನಿನ ಕ್ರ್ಯಾಂಕ್‌ಕೇಸಿನಲ್ಲಿ ಅಂತಹ ಮಡುವಿಲ್ಲ. ಅದು ಒಂದು ತಿದಿಯ ಕೆಲಸ ಮಾಡುತ್ತದೆ. ಪಿಸ್ಟನ್ನು ಮೇಲೇರುವಾಗ ಕೆಳಗಿನ ಕೋಣೆಯೊಳಕ್ಕೆ ಗಾಳಿಯೂ ಪೆಟ್ರೋಲೂ ಎಳೆಯಲ್ಪಡುತ್ತವೆ. ಇಳಿಯುವಾಗ ಅವು ಅದುಮಲ್ಪಟ್ಟು ಮೇಲಿನ ಸಿಲಿಂಡರಿಗೆ ಹೋಗುತ್ತವೆ. ಈ ದಾರಿಯಲ್ಲಿರುವ ಬೇರಿಂಗುಗಳಿಗೆ ಬೇಕಾದ ಎಣ್ಣೆಯನ್ನು ಪೆಟ್ರೋಲಿನಲ್ಲಿಯೇ ಬೆರೆಸುತ್ತೇವೆ. ನಮ್ಮ ಗಾಡಿಗೆ ಲೀಟರಿಗೆ 20 ಮಿಲಿಲೀಟರು. ಗೇರಿಗೂ ಕ್ಲಚ್ಚಿಗೂ ಬೇರೊಂದು ಎಣ್ಣೆ, ಬೇರೊಂದು ಕೋಣೆಯಲ್ಲಿ, ಸುಮಾರು ಕಾಲು ಲೀಟರು. ಹೊಗೆಕೊಳವೆಯ ಬಾಯಲ್ಲಿ ಅರೆಬೆಂದ ಎಣ್ಣೆಯ ಕಪ್ಪು ಜಿಡ್ಡು ಮೂರನೆಯದು. ಹೀಗೆ ಒಂದೇ ಎಂಜಿನಿನಿಂದ ಮೂರು ಬಗೆಯ ದ್ರವ ಹೊರಬರಬಹುದು. ಒಂದೊಂದರ ಮೂಲ ಒಂದೊಂದು, ಚಿಕಿತ್ಸೆ ಒಂದೊಂದು.

ಇವನ್ನು ಗುರುತಿಸುವುದಕ್ಕೆ ಯಂತ್ರಶಾಸ್ತ್ರ ಓದಬೇಕಾಗಿಲ್ಲ. ಮೂಗೂ ಎರಡು ಬೆರಳುಗಳೂ ಸಾಕು. ರಾತ್ರಿ ಗಾಡಿಯ ಕೆಳಗೆ ಹಳೆಯ ವೃತ್ತಪತ್ರಿಕೆಯನ್ನು ಹರಡಿ, ಚಕ್ರವಿರುವ ಜಾಗವನ್ನೂ ಮುಂಭಾಗವನ್ನೂ ಪೆನ್ಸಿಲಿನಿಂದ ಗುರುತು ಮಾಡಿಡಿರಿ. ಬೆಳಿಗ್ಗೆ ಕಾಗದದ ಮೇಲೆ ಅಗಲವಾದ ವರ್ತುಲ ಹಬ್ಬಿ, ನಡುವೆ ಮಾತ್ರ ಸ್ವಲ್ಪ ಜಿಡ್ಡು ಉಳಿದಿದ್ದರೆ ಅದು ಪೆಟ್ರೋಲು ಬೆರೆತದ್ದು. ಪೆಟ್ರೋಲು ಆರಿಹೋಗಿ ಅದರಲ್ಲಿದ್ದ ಎಣ್ಣೆ ನಿಂತಿದೆ. ಬೆರಳುಗಳ ನಡುವೆ ಉಜ್ಜಿದರೆ ದಪ್ಪನಾಗಿ ಜಾರುವ, ಪೆಟ್ರೋಲಿನ ವಾಸನೆಯಿಲ್ಲದ ತೊಟ್ಟು ಗೇರಿನ ಎಣ್ಣೆ. ಕೈಗೆ ಹತ್ತಿದರೆ ಸಾಬೂನಿಗೂ ಬಿಡದ ಕೀಲಿನಂತಹ ಕಪ್ಪು ಹೊಗೆಕೊಳವೆಯದು. ಅದರಿಂದ ಅಸಹ್ಯವಲ್ಲದೆ ಅಪಾಯವಿಲ್ಲ.

ಜಾಗವನ್ನು ತಿಳಿಯುವುದಕ್ಕೆ ಮತ್ತೊಂದು ಉಪಾಯವುಂಟು. ಎಂಜಿನು ತಣ್ಣಗಾದ ಮೇಲೆ ಸೀಮೆಎಣ್ಣೆಯಲ್ಲಿ ಅದ್ದಿದ ಕುಂಚದಿಂದ ಅದನ್ನು ತೊಳೆದು, ಚೆನ್ನಾಗಿ ಒರೆಸಿ ಒಣಗಿಸಿ, ಮುಖಕ್ಕೆ ಹಚ್ಚುವ ಪೌಡರನ್ನು ಅದರ ಮೇಲೆ ತೆಳ್ಳಗೆ ಉದುರಿಸತಕ್ಕದ್ದು. ಆಮೇಲೆ ಒಂದು ಮೈಲಿ ಓಡಿಸಿ ತಂದು ನೋಡಿದರೆ, ಬಿಳಿಯ ಮೈಯ ಮೇಲೆ ಎಣ್ಣೆ ನಡೆದ ದಾರಿ ಗೆರೆಯೆಳೆದಂತೆ ಕಾಣುತ್ತದೆ. ಗಾಡಿ ಓಡುವಾಗ ಗಾಳಿಯು ಎಣ್ಣೆಯನ್ನು ಹಿಂದಕ್ಕೂ, ತೂಕವು ಕೆಳಕ್ಕೂ ಒಯ್ಯುವುದರಿಂದ, ತೊಟ್ಟಿಕ್ಕುವ ಸ್ಥಳ ಒಂದು, ಸೋರುವ ಸ್ಥಳ ಮತ್ತೊಂದು. ಒದ್ದೆಯಾದ ಭಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದೂ ಮುಂದಿನದೂ ಯಾವುದೋ ಅಲ್ಲಿ ಹುಡುಕಬೇಕು. ನಮ್ಮ ಮನೆಯಲ್ಲಿ ಈ ಪರೀಕ್ಷೆಗೆ ಒದಗಿದುದು ಮೈಸೂರಿನ ಮಲ್ಲಿಗೆಯ ಪರಿಮಳದ ಪೌಡರು. ಎಂಜಿನು ಕಾಯಿದ ಮೇಲೆ ಮದುವೆಮನೆಯ ವಾಸನೆ ಬಂದಿತೆಂದು ಮನೆಯಾಕೆಯ ಟೀಕೆ.

ಇಷ್ಟನ್ನು ಪೀಠಿಕೆಯಾಗಿ ಹೇಳಿ ಪ್ರಕೃತಕ್ಕೆ ಬರುತ್ತೇನೆ. ಆ ಗಾಡಿಯನ್ನು ಈಗ ಹೆಚ್ಚಾಗಿ ನಡೆಸುವವಳು ನಮ್ಮ ಮಗಳು. ವಾರದಲ್ಲಿ ಕೆಲಸಕ್ಕೆ ಹೋಗಿಬರುತ್ತಾಳೆ; ಭಾನುವಾರ ಬೆಳಿಗ್ಗೆ ಗೆಳತಿಯನ್ನು ಹಿಂದೆ ಕೂರಿಸಿಕೊಂಡು ಚಾಮುಂಡಿ ಬೆಟ್ಟಕ್ಕೆ ಹೋಗುವುದುಂಟು. ಕಳೆದ ಮಳೆಗಾಲದ ಕೊನೆಯಲ್ಲಿ, ಹಿಂದಿನ ಬ್ರೇಕು ಹಿಡಿಯುವುದಿಲ್ಲವೆಂದು ಆಕೆ ಹೇಳಿದಳು. ರಿಪೇರಿಯವನು ಬ್ರೇಕಿನ ತಂತಿಯನ್ನು ಬಿಗಿಮಾಡಿ ಕೊಟ್ಟನು. ಹದಿನೈದು ದಿವಸಕ್ಕೆ ಮತ್ತೆ ಅದೇ ಮಾತು. ಮತ್ತೆ ತಂತಿ ಬಿಗಿಯಾಯಿತು. ಮೂರನೆಯ ಸಲ ಆಕೆ ಬಂದು, “ತುಳಿದರೆ ಪೆಡಲು ಗಟ್ಟಿಯಾಗಿಯೇ ಇದೆ, ಗಾಡಿ ಮಾತ್ರ ನಿಲ್ಲುವುದಿಲ್ಲ” ಎಂದಳು. ಈ ಮಾತು ನನ್ನ ಮನಸ್ಸಿಗೆ ನಾಟಿತು. ತಂತಿ ಸಡಿಲವಾದರೆ ಪೆಡಲು ಆಳಕ್ಕೆ ಹೋಗಬೇಕು. ಪೆಡಲು ಗಟ್ಟಿಯಾಗಿದ್ದೂ ಚಕ್ರ ಜಾರುತ್ತಿದ್ದರೆ, ಬ್ರೇಕಿನ ಪಟ್ಟಿಗೂ ಡ್ರಮ್ಮಿಗೂ ನಡುವೆ ಇರಬಾರದ ವಸ್ತುವೊಂದು ಇದೆಯೆಂದು ಅರ್ಥ.

ಬೆಟ್ಟದ ವಿಷಯವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಚಾಮುಂಡಿ ಬೆಟ್ಟ ಊರಿಗಿಂತ ಸುಮಾರು 300 ಮೀಟರು ಎತ್ತರ. ಇಳಿಯುವ ದಾರಿ ತಿರುವುಗಳಿಂದ ಕೂಡಿದ್ದು. ಇಳಿಜಾರಿನಲ್ಲಿ ಎಂಜಿನಿನ ಹಿಡಿತದಿಂದಲೇ ವೇಗ ತಗ್ಗಿಸುವುದು ದೊಡ್ಡ ಗಾಡಿಗಳ ರೂಢಿ. ಟೂ-ಸ್ಟ್ರೋಕ್ ಎಂಜಿನಿಗೆ ಆ ಹಿಡಿತ ಬಹಳ ಕಡಿಮೆ. ಸಾಲದುದಕ್ಕೆ, ಆಕ್ಸಿಲರೇಟರನ್ನು ಪೂರ್ತಿ ಮುಚ್ಚಿ ಬಹುದೂರ ಇಳಿದರೆ ಒಳಕ್ಕೆ ಪೆಟ್ರೋಲು ಹೋಗುವುದು ಕಡಿಮೆಯಾಗಿ, ಅದರೊಡನೆ ಹೋಗಬೇಕಾದ ಎಣ್ಣೆಯೂ ಕಡಿಮೆಯಾಗಿ, ಪಿಸ್ಟನ್ನು ಒಣಗುತ್ತದೆ. ಆದಕಾರಣ ಆಗಾಗ ಸ್ವಲ್ಪ ತೆರೆಯುತ್ತಿರಬೇಕು. ಈ ಹಳೆಯ ಸ್ಕೂಟರುಗಳ ಮುಂದಿನ ಬ್ರೇಕು ಅಷ್ಟು ಬಲವುಳ್ಳದ್ದಲ್ಲ. ಇಬ್ಬರನ್ನು ಹೊತ್ತು ಇಳಿಯುವ ಗಾಡಿಯ ಭಾರವೆಲ್ಲ ಕಡೆಗೆ ಬಲಗಾಲಿನ ಕೆಳಗಿರುವ ಹಿಂದಿನ ಬ್ರೇಕಿನ ಮೇಲೆಯೇ ಬೀಳುತ್ತದೆ. ಅಂದಿನಿಂದ ಗಾಡಿಯ ಬೀಗದ ಕೈ ನನ್ನ ಜೇಬಿನಲ್ಲಿ ಉಳಿಯಿತು; ಮಗಳು ಗೊಣಗುತ್ತ ನಗರಸಾರಿಗೆಯ ಬಸ್ಸಿನಲ್ಲಿ ಹೋಗತೊಡಗಿದಳು.

ಹಿಂದಿನ ಚಕ್ರವನ್ನೂ ಡ್ರಮ್ಮನ್ನೂ ತೆಗೆದು ನೋಡಲು, ಬ್ರೇಕಿನ ಎರಡು ಪಟ್ಟಿಗಳೂ ಎಣ್ಣೆಯಲ್ಲಿ ನೆನೆದ ಬತ್ತಿಯಂತೆ ಮಿರುಗುತ್ತಿದ್ದವು. ಗೇರುಪೆಟ್ಟಿಗೆಯ ಅಚ್ಚು ಹೊರಬರುವ ಕಡೆಯ ಸೀಲು ಸೋರುತ್ತಿರುವುದು ಸ್ಪಷ್ಟವಾಯಿತು. ರಿಪೇರಿಯವನು ನೋಡಿ, ಸೀಲನ್ನು ಬದಲಿಸಿ ಪಟ್ಟಿಗಳನ್ನು ಪೆಟ್ರೋಲಿನಲ್ಲಿ ತೊಳೆದುಬಿಡೋಣವೆಂದನು. ಅವನು ಅಪ್ರಾಮಾಣಿಕನಲ್ಲ, ಬ್ರೇಕೆಂದು ತಂದ ಗಾಡಿಗೆ ಬ್ರೇಕಿನ ಚಿಕಿತ್ಸೆ ಹೇಳುವುದು ಅವನ ಕಸುಬಿನ ರೀತಿ. ಆದರೆ ಎಣ್ಣೆ ಕುಡಿದ ಪಟ್ಟಿ ತೊಳೆದರೆ ಹೊರಗೆ ಮಾತ್ರ ಒಣಗುತ್ತದೆ. ಕಾಯಿದಾಗ ಒಳಗಿನ ಎಣ್ಣೆ ಮತ್ತೆ ಮೇಲಕ್ಕೆ ಬರುತ್ತದೆ. ಪಟ್ಟಿಯನ್ನು ಬದಲಿಸುವುದೇ ಸರಿ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ತಡೆದದ್ದು ಬೇರೊಂದು. ಕಾಗದದ ಮೇಲೆ ಹಿಂದಿನ ಚಕ್ರದ ಕೆಳಗೆ ಬಿದ್ದಿದ್ದ ಕಲೆ ಗೇರೆಣ್ಣೆಯ ಕಲೆಯಂತೆ ಇರಲಿಲ್ಲ. ಅದು ವರ್ತುಲವಾಗಿ ಹಬ್ಬಿತ್ತು. ಮೂಸಿದರೆ ಪೆಟ್ರೋಲು.

ಗೇರುಪೆಟ್ಟಿಗೆಯಲ್ಲಿ ಪೆಟ್ರೋಲಿಗೆ ಏನು ಕೆಲಸ? ಗಾಡಿಯನ್ನು ನೆಟ್ಟಗೆ ನಿಲ್ಲಿಸಿ, ಎಣ್ಣೆಯ ಮಟ್ಟವನ್ನು ತೋರಿಸುವ ತಿರುಪನ್ನು ಬಿಚ್ಚಿದೆವು. ಮಟ್ಟ ಸರಿಯಾಗಿದ್ದರೆ ಆ ರಂಧ್ರದ ಅಂಚಿಗೆ ಎಣ್ಣೆ ನಿಲ್ಲಬೇಕು. ಇಲ್ಲಿ ತಿರುಪು ತೆಗೆದೊಡನೆ ಧಾರೆಯಾಗಿ ಹರಿಯಿತು. ತಳದ ತಿರುಪನ್ನೂ ಬಿಚ್ಚಿ ಎಲ್ಲವನ್ನೂ ಅಳೆಯಲು, 250 ಮಿಲಿಲೀಟರು ಇರಬೇಕಾದಲ್ಲಿ 340 ಇದ್ದಿತು. ನೀರಿನಂತೆ ತೆಳ್ಳಗೆ, ಪೆಟ್ರೋಲಿನ ವಾಸನೆ. ಸೋರುತ್ತಿರುವ ಪಾತ್ರೆಯಲ್ಲಿ ಮಟ್ಟ ಇಳಿಯುವ ಬದಲು ಏರಿದೆ! ಸೋರಿಕೆಯನ್ನು ಹುಡುಕುವವನಿಗೆ ಇದಕ್ಕಿಂತ ಒಳ್ಳೆಯ ಸುಳಿವು ಸಿಕ್ಕಲಾರದು.

ಕ್ರ್ಯಾಂಕ್‌ಕೇಸಿಗೂ ಗೇರುಪೆಟ್ಟಿಗೆಗೂ ನಡುವೆ ಕ್ಲಚ್ಚಿನ ಕಡೆಯಲ್ಲಿ ಮತ್ತೊಂದು ಸೀಲಿದೆ. ಅದು ಸವೆದರೆ ಎರಡು ದಿಕ್ಕಿಗೂ ಕಳ್ಳತನ ನಡೆಯುತ್ತದೆ. ಎಂಜಿನು ಓಡುವಾಗ ಕ್ರ್ಯಾಂಕ್‌ಕೇಸಿನ ಎಳೆತಕ್ಕೆ ಗೇರಿನ ಎಣ್ಣೆ ಒಳಕ್ಕೆ ಹೋಗಿ ಸುಟ್ಟು, ದಟ್ಟವಾದ ಹೊಗೆ ಬರುತ್ತದೆ. ಪ್ಲಗ್ಗು ಕಪ್ಪಾಗಿ ಒದ್ದೆಯಾಗುತ್ತದೆ. ನೆಲದ ಮೇಲೆ ಒಂದು ತೊಟ್ಟೂ ಬೀಳದೆ ಗೇರುಪೆಟ್ಟಿಗೆ ಬರಿದಾಗುತ್ತದೆ. ಕ್ರ್ಯಾಂಕ್‌ಕೇಸಿನಲ್ಲಿ ಪೆಟ್ರೋಲು ನಿಂತಿದ್ದರೆ ಅದೇ ಸೀಲನ್ನು ದಾಟಿ ಈ ಕಡೆಗೆ ಬರುತ್ತದೆ. ನಮ್ಮಲ್ಲಿ ಆಗಿದ್ದುದು ಈ ಎರಡನೆಯದು. ಬೆಳಿಗ್ಗೆ ಗಾಡಿ ಹೊರಡಿಸಲು ಹತ್ತು ಹನ್ನೆರಡು ಸಲ ಒದೆಯಬೇಕಾಗುತ್ತಿದ್ದುದೂ, ಹೊರಟ ಮೇಲೆ ಬೀದಿಯೆಲ್ಲ ಹೊಗೆಯಾಗುತ್ತಿದ್ದುದೂ ಇದರೊಡನೆ ಹೊಂದಿಕೊಂಡವು.

ಹಾಗಾದರೆ ಪೆಟ್ರೋಲು ಅಲ್ಲಿ ನಿಂತದ್ದೇಕೆ? ಮಗಳು ರಾತ್ರಿ ನಲ್ಲಿಯನ್ನು ತಪ್ಪದೆ ಮುಚ್ಚುತ್ತಾಳೆ. ಮುಚ್ಚಿದ ನಲ್ಲಿ ಮುಚ್ಚಿಯೇ ಇರುತ್ತದೆಯೇ ಎಂದು ನೋಡಬೇಕಾಗಿತ್ತು. ಕಾರ್ಬ್ಯುರೇಟರಿನ ಕಡೆಯಿಂದ ಪೆಟ್ರೋಲಿನ ಕೊಳವೆಯನ್ನು ಬಿಡಿಸಿ, ಒಂದು ಗಾಜಿನ ಸೀಸೆಯಲ್ಲಿ ಇಳಿಬಿಟ್ಟು, ನಲ್ಲಿ ಮುಚ್ಚಿ, ಗಾಳಿಯಾಡುವ ಅಂಗಳದಲ್ಲಿ ರಾತ್ರಿಯೆಲ್ಲ ಬಿಟ್ಟೆವು. (ಒಲೆಗೂ ದೀಪಕ್ಕೂ ದೂರವಾಗಿ ಮಾಡತಕ್ಕ ಕೆಲಸ ಇದು, ಮಕ್ಕಳಿರುವ ಮನೆಯಲ್ಲಿ ಮತ್ತಷ್ಟು ಎಚ್ಚರ ಬೇಕು.) ಬೆಳಿಗ್ಗೆ ಸೀಸೆಯಲ್ಲಿ ಎರಡು ಬೆರಳಿನಷ್ಟು ಪೆಟ್ರೋಲಿತ್ತು. ನಲ್ಲಿಯೊಳಗಿನ ರಬ್ಬರಿನ ಬಿಲ್ಲೆ ಉಬ್ಬಿ ಬಿರಿದಿತ್ತು. ನಲ್ಲಿ ಸೋರಿದರೂ ಕಾರ್ಬ್ಯುರೇಟರಿನ ತೇಲುಗುಂಡಿನ ಸೂಜಿ ಅದನ್ನು ತಡೆಯಬೇಕು. ಆ ಸೂಜಿಯನ್ನು ತೆಗೆದು ಬೆಳಕಿಗೆ ಹಿಡಿದರೆ ಮೊನೆಯ ಸುತ್ತ ಉಗುರಿಗೆ ಸಿಕ್ಕುವಷ್ಟು ಗೆರೆ ಬಿದ್ದಿತ್ತು. ಅಲ್ಲಿಗೆ ಕಥೆ ಪೂರ್ತಿಯಾಯಿತು: ನಲ್ಲಿ ಸೋರಿತು, ಸೂಜಿ ತಡೆಯಲಿಲ್ಲ, ಪೆಟ್ರೋಲು ಕ್ರ್ಯಾಂಕ್‌ಕೇಸಿಗೆ ಇಳಿಯಿತು, ಕ್ಲಚ್ಚಿನ ಕಡೆಯ ಸೀಲು ಅದನ್ನು ಗೇರುಪೆಟ್ಟಿಗೆಗೆ ಬಿಟ್ಟಿತು, ತೆಳ್ಳಗಾದ ಎಣ್ಣೆ ಮಟ್ಟ ಮೀರಿ ಹಿಂದಿನ ಸೀಲನ್ನು ಹಾದು ಬ್ರೇಕಿನ ಪಟ್ಟಿಯ ಮೇಲೆ ಬಂದು ಕುಳಿತಿತು. ಬೆಟ್ಟದ ತಿರುವಿನಲ್ಲಿ ಜಾರುವ ಬ್ರೇಕಿಗೆ ಕಾರಣ ಪೆಟ್ರೋಲಿನ ನಲ್ಲಿಯ ಬಿಲ್ಲೆ. ತಂತಿಯನ್ನು ಎಷ್ಟು ಬಿಗಿಮಾಡಿದ್ದರೂ ಏನಾಗುತ್ತಿತ್ತು? ಹಿಂದಿನ ಸೀಲನ್ನೂ ಪಟ್ಟಿಗಳನ್ನೂ ಮಾತ್ರ ಬದಲಿಸಿದ್ದರೆ, ಸ್ವಲ್ಪ ಕಾಲ ಬ್ರೇಕು ಹಿಡಿದು, ಎಲ್ಲರಿಗೂ ಧೈರ್ಯ ಬಂದ ಮೇಲೆ ಮತ್ತೆ ಬಿಡುತ್ತಿತ್ತು. ಅದನ್ನು ನೆನೆದರೆ ಈಗಲೂ ನನಗೆ ಮೈ ನಡುಗುತ್ತದೆ.

ರಬ್ಬರು ಕೆಡುವುದಕ್ಕೆ ವಯಸ್ಸೊಂದೇ ಕಾರಣವಲ್ಲ. ಈಚಿನ ವರ್ಷಗಳಲ್ಲಿ ನಮ್ಮ ಪೆಟ್ರೋಲಿನಲ್ಲಿ ನೂರಕ್ಕೆ 20 ಭಾಗದವರೆಗೆ ಎಥೆನಾಲ್ ಬೆರೆಯುತ್ತಿದೆ. ಹಳೆಯ ಕಾಲದ ರಬ್ಬರಿಗೆ ಅದು ಹಿತವಲ್ಲ. ಕೆಲವನ್ನು ಉಬ್ಬಿಸುತ್ತದೆ, ಕೆಲವನ್ನು ಬಿರುಸುಮಾಡುತ್ತದೆ. ಅದು ನೀರನ್ನೂ ಹೀರಿಕೊಳ್ಳುವುದರಿಂದ ತಿಂಗಳುಗಟ್ಟಲೆ ನಿಂತ ಗಾಡಿಗೆ ಇನ್ನೂ ಕೆಟ್ಟದ್ದು. ಎಥೆನಾಲಿಗೆ ಬಗ್ಗದ ವೈಟಾನ್ ಎಂಬ ಜಾತಿಯ ಸೀಲುಗಳು ದೊರೆಯುತ್ತವೆ. ಬೆಲೆ ಸ್ವಲ್ಪ ಹೆಚ್ಚಾದರೂ ಅವನ್ನೇ ಕೇಳಿ ತರುವುದು ಮೇಲು.

ಕ್ಲಚ್ಚಿನ ಕಡೆಯ ಸೀಲನ್ನು ನಮ್ಮ ಗಾಡಿಯಲ್ಲಿ ಎಂಜಿನನ್ನು ಕೆಳಗಿಳಿಸಿ ಇಬ್ಭಾಗ ಮಾಡಿದ ಹೊರತು ಮುಟ್ಟಲಾಗದು. ಆ ಕೆಲಸಕ್ಕೆ ರಿಪೇರಿಯವನೇ ಬೇಕು, ಎರಡು ದಿವಸವೂ ಬೇಕು. ಅಷ್ಟು ಬಿಚ್ಚಿದ ಮೇಲೆ ಫ್ಲೈವೀಲಿನ ಕಡೆಯ ಸೀಲನ್ನೂ ಬದಲಿಸಿರೆಂದು ನಾನು ಹಟ ಹಿಡಿದೆನು. ಅದು ಸೋರುತ್ತಿರಲಿಲ್ಲ, ಆದರೂ ನನ್ನ ಹಟಕ್ಕೆ ಕಾರಣವಿತ್ತು. ಆ ಸೀಲು ಹೋದರೆ ಎಣ್ಣೆ ಹೊರಬರುವುದಕ್ಕಿಂತ ಹೆಚ್ಚಾಗಿ ಗಾಳಿ ಒಳಹೋಗುತ್ತದೆ. ಗಾಳಿ ಹೆಚ್ಚಿ ಪೆಟ್ರೋಲೂ ಎಣ್ಣೆಯೂ ಕಡಿಮೆಯಾಗಿ, ಆಕ್ಸಿಲರೇಟರನ್ನು ಬಿಟ್ಟರೂ ಎಂಜಿನು ತಾನಾಗಿ ಕೂಗಿಕೊಳ್ಳುತ್ತದೆ; ಪ್ಲಗ್ಗು ಕಾಫಿಯ ಬಣ್ಣವನ್ನು ಬಿಟ್ಟು ಸುಣ್ಣದಂತೆ ಬೆಳ್ಳಗಾಗುತ್ತದೆ; ಕಡೆಗೆ ಒಂದು ದಿನ ಓಡುತ್ತಿರುವಾಗಲೇ ಪಿಸ್ಟನ್ನು ಸಿಲಿಂಡರಿಗೆ ಕಚ್ಚಿ ಚಕ್ರ ನಿಂತುಬಿಡುತ್ತದೆ. ಅಂತಹ ಹೊತ್ತಿನಲ್ಲಿ ಕೂಡಲೇ ಕ್ಲಚ್ಚು ಹಿಡಿಯಬೇಕೆಂದು ಮಗಳಿಗೆ ಮೊದಲೇ ಹೇಳಿಕೊಟ್ಟಿದ್ದೇನೆ. ನೆಲದ ಮೇಲೆ ಕಾಣುವ ಎಣ್ಣೆಗಿಂತ ಕಾಣದ ಈ ಸೋರಿಕೆಗೆ ನಾನು ಹೆಚ್ಚಾಗಿ ಹೆದರುತ್ತೇನೆ.

ಎಂಜಿನನ್ನು ಕೂಡಿಸುವಾಗ ಪಕ್ಕದಲ್ಲಿ ಕುಳಿತು ನೋಡಿದೆನು. ಹೊಸ ಸೀಲಿನ ತುಟಿಗೆ ಗ್ರೀಸು ಸವರಿ, ಅದರ ಸ್ಪ್ರಿಂಗಿರುವ ಮುಖವು ತಡೆಯಬೇಕಾದ ಎಣ್ಣೆಯ ಕಡೆಗೆ ಇರುವಂತೆ ಮಾಡಿ, ಚಪ್ಪಟೆಯಾದ ಮರದ ತುಂಡಿನಿಂದ ನೇರವಾಗಿ ಒತ್ತಿ ಕೂರಿಸುವುದೇ ಕ್ರಮ. ಓರೆಯಾಗಿ ಹೊಡೆದರೆ ಹೊಸದೂ ಸೋರುತ್ತದೆ. ಅಚ್ಚಿನ ಮೇಲೆ ಸೀಲು ಉಜ್ಜಿದಲ್ಲಿ ಹಳ್ಳ ಬಿದ್ದಿದೆಯೇ ಎಂದು ಉಗುರಿನಿಂದ ಎಳೆದು ನೋಡಬೇಕು. ಗ್ಯಾಸ್ಕೆಟ್ಟುಗಳಿಗೆ ಅಂಟನ್ನು ಧಾರಾಳವಾಗಿ ಮೆತ್ತುವುದು ನಮ್ಮವರ ಒಂದು ಚಪಲ. ಹೆಚ್ಚಾದುದು ಒಳಕ್ಕೆ ಹಿಂಡಿಕೊಂಡು ಎಣ್ಣೆಯ ದಾರಿಯನ್ನೇ ಕಟ್ಟೀತು. ಸೋರುವಲ್ಲಿ ತಿರುಪನ್ನು ಇನ್ನಷ್ಟು ಬಿಗಿಮಾಡುವುದು ಮತ್ತೊಂದು ಚಪಲ. ಎಂಜಿನಿನ ಮೈ ಅಲ್ಯೂಮಿನಿಯಮ್ಮಿನದು, ಅದರ ಮರೆ ಕಿತ್ತುಬಂದರೆ ಎರಡು ರೂಪಾಯಿಯ ಕಾಗದದ ಗ್ಯಾಸ್ಕೆಟ್ಟಿನ ಕೆಲಸ ಲೇತಿನವನ ಅಂಗಡಿಗೆ ಹೋಗುತ್ತದೆ.

ಹೊಸ ನಲ್ಲಿ, ಹೊಸ ಸೂಜಿ, ಮೂರು ಸೀಲುಗಳು, ಒಂದು ಜೊತೆ ಬ್ರೇಕಿನ ಪಟ್ಟಿ, ಕಾಲು ಲೀಟರು ಹೊಸ ಎಣ್ಣೆ. ನಲ್ಲಿಗೆ ಮತ್ತೆ ಸೀಸೆಯ ಪರೀಕ್ಷೆ ಮಾಡಿದೆವು. ಬೆಳಿಗ್ಗೆ ಸೀಸೆ ಒಣಗಿತ್ತು. ಒಂದು ವಾರ ಊರೊಳಗೆ ನಾನೇ ಓಡಿಸಿ, ಮಟ್ಟದ ತಿರುಪನ್ನು ಎರಡು ಸಲ ಬಿಚ್ಚಿ ನೋಡಿ, ಬ್ರೇಕಿನ ಡ್ರಮ್ಮನ್ನೂ ಇನ್ನೊಂದು ಸಲ ತೆಗೆದು ಬೆರಳಾಡಿಸಿದೆನು. ಬೆರಳಿಗೆ ಬಂದುದು ಪಟ್ಟಿಯ ಬೂದು ಧೂಳು ಮಾತ್ರ. ಆಮೇಲೆ ಬೀಗದ ಕೈಯನ್ನು ಮಗಳಿಗೆ ಒಪ್ಪಿಸಿದೆನು. ಆಕೆ ಗೆಳತಿಯೊಡನೆ ಬೆಟ್ಟಕ್ಕೆ ಹೋಗಿ ಬಂದು, ಬ್ರೇಕು ಈಗ ಅತಿಯಾಗಿ ಹಿಡಿಯುತ್ತದೆಂದು ದೂರಿದಳು.

ಗೇರಿನ ತಂತಿಗಳು ಬಂದು ಸೇರುವ ತಳದ ಪುಟ್ಟ ಪೆಟ್ಟಿಗೆಯಿಂದ ಈಗಲೂ ರಾತ್ರಿಗೊಂದು ತೊಟ್ಟು ಬೀಳುತ್ತದೆ. ದಪ್ಪನೆಯ ಎಣ್ಣೆ, ಪೆಟ್ರೋಲಿನ ವಾಸನೆಯಿಲ್ಲ. ಬೀಳುವ ಜಾಗ ಚಕ್ರಕ್ಕೂ ಬ್ರೇಕಿಗೂ ದೂರ. ಮುಂದಿನ ಸಲ ಗೇರಿನ ತಂತಿ ಬದಲಿಸುವಾಗ ಅದರ ಗ್ಯಾಸ್ಕೆಟ್ಟನ್ನೂ ಹಾಕಿಸಿದರಾಯಿತೆಂದು, ಸದ್ಯಕ್ಕೆ ಅದರ ಕೆಳಗೆ ಬಿಸ್ಕತ್ತಿನ ಡಬ್ಬಿಯ ಮುಚ್ಚಳವನ್ನು ಇಟ್ಟಿದ್ದೇವೆ.